ಗಂಡನ ಆದಾಯ ಹಾಕಿದ ಕೂಡಲೇ ನನ್ನ ರಿಫಂಡ್ ಇಳಿಯಿತು: ಹೆಲ್ತ್ ಇನ್ಶೂರೆನ್ಸ್ ಸ್ಟೇಟ್‌ಮೆಂಟ್ ಓದೋದು ಹೇಗೆ?

ನೈಟ್‌ಡ್ಯೂಟಿ_ವೆರಿಬೀ

ಎಲ್ಲರಿಗೂ ನಮಸ್ಕಾರ. ನಾನು ಮೆಲ್ಬರ್ನ್‌ನ ಪಶ್ಚಿಮದ ಕಡೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಯಜಮಾನರು ಐಟಿಯಲ್ಲಿದ್ದಾರೆ. ಇಬ್ಬರು ಮಕ್ಕಳು. ಇಷ್ಟು ವರ್ಷ ಟ್ಯಾಕ್ಸ್ ಏಜೆಂಟ್ ಹತ್ತಿರ ಹೋಗುತ್ತಿದ್ದೆವು. ಈ ಸಲ 2024–25ರ ರಿಟರ್ನ್ ನಾನೇ ಮೈಟ್ಯಾಕ್ಸ್‌ನಲ್ಲಿ (ತೆರಿಗೆ ಇಲಾಖೆಯ ಆನ್‌ಲೈನ್ ಫಾರ್ಮ್) ತುಂಬೋಣ ಅಂತ ಕೂತೆ.

ಸಂಬಳ, ಬ್ಯಾಂಕ್ ಬಡ್ಡಿ ಎಲ್ಲ ತಾನಾಗಿಯೇ ಬಂದು ಕೂತಿತ್ತು. ಪ್ರೈವೇಟ್ ಹೆಲ್ತ್ ಇನ್ಶೂರೆನ್ಸ್ ಜಾಗದಲ್ಲಿ ಮಾತ್ರ ತಲೆ ಕೆಟ್ಟಿತು. ನಮ್ಮದು ಫ್ಯಾಮಿಲಿ ಪಾಲಿಸಿ, ಹಾಸ್ಪಿಟಲ್ ಮತ್ತು ಎಕ್ಸ್‌ಟ್ರಾಸ್ (ಹಲ್ಲು, ಕನ್ನಡಕದಂಥದ್ದು) ಎರಡೂ ಇದೆ. ವರ್ಷಪೂರ್ತಿ ಒಂದು ದಿನವೂ ನಿಂತಿಲ್ಲ. ಪಾಲಿಸಿ ಯಜಮಾನರ ಹೆಸರಲ್ಲಿದೆ, ದುಡ್ಡು ಹೋಗುವುದೂ ಅವರ ಅಕೌಂಟಿಂದ. ಆದರೂ ನನ್ನ ರಿಟರ್ನ್‌ನಲ್ಲಿ ಎರಡು ಸಾಲು ಬಂದಿದೆ:

ಮೊದಲ ಸಾಲು: ಜೆ 2,016, ಕೆ 496, ಎಲ್ 30.
ಎರಡನೇ ಸಾಲು: ಜೆ 696, ಕೆ 169, ಎಲ್ 31.

ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ತಿಂಗಳಿಗೆ 337 ಡಾಲರ್ ಚಿಲ್ಲರೆ, ಏಪ್ರಿಲ್‌ನಿಂದ 351 ಹೋಗಿದೆ. ಹೇಗೆ ಕೂಡಿದರೂ ಈ ಅಂಕಿಗೆ ತಾಳೆ ಆಗುವುದಿಲ್ಲ.

ನಿಜವಾದ ತಲೆನೋವು ಇನ್ನೊಂದು. ಸ್ಪೌಸ್ ಡೀಟೇಲ್ಸ್ ತುಂಬುವ ಮೊದಲು ರಿಫಂಡ್ ಅಂದಾಜು ಚೆನ್ನಾಗಿಯೇ ತೋರಿಸುತ್ತಿತ್ತು. ಯಜಮಾನರ ಆದಾಯ ಹಾಕಿದೆ, ತಟ್ಟನೆ 221 ಡಾಲರ್ ಇಳಿಯಿತು. 2024–25ಕ್ಕೆ ಕುಟುಂಬದ ಆದಾಯದ ಮಿತಿ 1,94,000 ಅಂತ ಓದಿದ್ದೇನೆ. ನನ್ನ ಟ್ಯಾಕ್ಸಬಲ್ ಇನ್‌ಕಮ್ 79,000, ಅವರದು 1,08,000. ಸೇರಿಸಿದರೆ 1,87,000 ಅಷ್ಟೇ. ಮಿತಿಯ ಒಳಗೇ ಇದ್ದೇವೆ ಅಲ್ವಾ? ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿ, ಕೊನೆಗೆ "ಅದು ಎಟಿಒ (ಆಸ್ಟ್ರೇಲಿಯಾದ ತೆರಿಗೆ ಇಲಾಖೆ) ವಿಷಯ, ನಮ್ಮದಲ್ಲ" ಅಂದರು.

ಇನ್ನೊಂದು. ಬೆಂಗಳೂರಿನಲ್ಲಿದ್ದಾಗ 80ಡಿ ಅಂತ ಪ್ರೀಮಿಯಂ ಪೂರ್ತಿ ಆದಾಯದಿಂದ ಕಳೆಯುತ್ತಿದ್ದೆವು. ಇಲ್ಲಿ ಹಾಗೆ ಕಳೆಯುವ ಜಾಗ ಹುಡುಕಿದೆ, ಸಿಗಲಿಲ್ಲ. ಎಲ್ಲಿದೆ?

ಟಾರ್ನೀಟ್_ತಿಂಡಿಪೋತ

ನಮ್ಮ ಮನೆಯಲ್ಲಿ ಪ್ರೀಫಿಲ್ ಬಂದಿದ್ದನ್ನೇ ಓಕೆ ಮಾಡಿ ಕಳಿಸಿದ್ದಾಯ್ತು, ಯಾವ ತೊಂದರೆಯೂ ಆಗಲಿಲ್ಲ. ನೀವೂ ಸುಮ್ನೆ ಒತ್ತಿ ಅಕ್ಕ. 221 ಡಾಲರ್‌ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಮೇಷ್ಟ್ರು ಬರಲಿ, ಅವರು ಪುರಾಣ ಶುರು ಮಾಡ್ತಾರೆ.

ಲೆಕ್ಕದ_ಮೇಷ್ಟ್ರು

ಬಂದೆ, ಪುರಾಣವೂ ತಂದಿದ್ದೇನೆ.

ಮೊದಲು ನನ್ನ ಮಾತು ಎಷ್ಟು ನಂಬಬೇಕು ಅಂತ ಹೇಳಿಬಿಡುತ್ತೇನೆ. ನಾನು ರಿಜಿಸ್ಟರ್ಡ್ ಟ್ಯಾಕ್ಸ್ ಏಜೆಂಟ್ ಅಲ್ಲ. ಅಕೌಂಟ್ಸ್ ಕೆಲಸದಿಂದ ನಿವೃತ್ತ. ಎಟಿಒದವರ ಟ್ಯಾಕ್ಸ್ ಹೆಲ್ಪ್ ಅನ್ನುವ ಉಚಿತ ಸಹಾಯ ಕೇಂದ್ರದಲ್ಲಿ ಸ್ವಯಂಸೇವಕ. ಅಲ್ಲಿಗೆ ಬರುವವರು ವರ್ಷಕ್ಕೆ 70,000ದ ಒಳಗೆ ದುಡಿಯುವವರು. ಆದರೆ ಈ ಸ್ಟೇಟ್‌ಮೆಂಟ್ ಎಲ್ಲರಿಗೂ ಒಂದೇ.

80ಡಿ ಮರೆತುಬಿಡಿ ಸಿಸ್ಟರ್. ಇಲ್ಲಿ ಪ್ರೀಮಿಯಂ ಆದಾಯದಿಂದ ಕಳೆಯುವ ಖರ್ಚಲ್ಲ, ಆ ಜಾಗವೇ ಇಲ್ಲ. ಸರ್ಕಾರ ಪ್ರೀಮಿಯಂನಲ್ಲಿ ಒಂದು ಪಾಲು ಕೊಡುತ್ತದೆ, ಅದೇ ರಿಬೇಟ್. ಹೆಚ್ಚಿನವರು ಅದನ್ನು ಪ್ರೀಮಿಯಂನಲ್ಲೇ ಮುರಿದುಕೊಂಡು ಉಳಿದದ್ದನ್ನು ಕಟ್ಟುತ್ತಾರೆ. ನೀವು ಮಾಡಿರುವುದೂ ಅದೇ.

ಈಗ ಆ ಅಕ್ಷರಗಳು. ಜೆ ಅಂದರೆ ರಿಬೇಟ್‌ಗೆ ಅರ್ಹವಾದ ಪೂರ್ತಿ ಪ್ರೀಮಿಯಂ, ರಿಬೇಟ್ ಮುರಿಯುವುದಕ್ಕೆ ಮೊದಲಿನದು. ಕೆ ಅಂದರೆ ನೀವು ಈಗಾಗಲೇ ಪಡೆದಿರುವ ರಿಬೇಟ್. ಹಾಗಾಗಿ ಜೆಯಲ್ಲಿ ಕೆ ಕಳೆದರೆ ಬ್ಯಾಂಕಿನಿಂದ ಹೋದ ದುಡ್ಡು ಸಿಗಬೇಕು. ನಿಮಗೆ ಸಿಗುತ್ತಿಲ್ಲ, ಯಾಕೆಂದರೆ ನಿಮ್ಮ ಸಾಲಿನಲ್ಲಿ ಅರ್ಧ ಮಾತ್ರ ಇದೆ. ಒಂದು ಪಾಲಿಸಿಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರೆ ದುಡ್ಡು ಯಾರ ಜೇಬಿಂದ ಹೋದರೂ ಸ್ಟೇಟ್‌ಮೆಂಟ್ ಇಬ್ಬರಿಗೂ ಸಮಪಾಲು. ಎರಡರಿಂದ ಗುಣಿಸಿ ನೋಡಿ. ಮೊದಲ ಸಾಲು 4,032 ಆಗುತ್ತದೆ, ಒಂಬತ್ತು ತಿಂಗಳಿಗೆ ಭಾಗಿಸಿದರೆ 448. ಅದರಲ್ಲಿ ರಿಬೇಟ್ ತೆಗೆದರೆ 337.76. ನಿಮ್ಮ ಬ್ಯಾಂಕಿನ ಅಂಕಿ ಅದೇ ತಾನೇ? ಎರಡನೇ ಸಾಲನ್ನೂ ಹೀಗೇ ಮಾಡಿದರೆ ತಿಂಗಳಿಗೆ 464, ಕೈಯಿಂದ ಹೋದದ್ದು 351.

ಎರಡು ಸಾಲು ಯಾಕೆ ಅಂದರೆ ರಿಬೇಟ್‌ನ ಶೇಕಡಾವಾರು ಬದಲಾಗುವುದು ಏಪ್ರಿಲ್ 1ಕ್ಕೆ. ಎಲ್ ಅನ್ನುವುದು ವಯಸ್ಸು ಮತ್ತು ಅವಧಿಯ ಕೋಡ್. 65ರ ಒಳಗಿನವರಿಗೆ ಮಾರ್ಚ್ 31ರವರೆಗೆ ಕಟ್ಟಿದ್ದು 30, ಆಮೇಲೆ ಕಟ್ಟಿದ್ದು 31. ನನ್ನಂಥ 70 ದಾಟಿದವರಿಗೆ 40 ಮತ್ತು 41. ಎರಡು ಸಾಲನ್ನು ಕೂಡಿಸಿ ಒಂದು ಮಾಡಬೇಡಿ, ಹಾಗೇ ಬೇರೆ ಬೇರೆ ಇರಲಿ. ಇಲ್ಲಿ ಲೆಕ್ಕಕ್ಕೆ ಬರುವುದು ದುಡ್ಡು ಕಟ್ಟಿದ ದಿನ. ಜೂನ್‌ನಲ್ಲಿ ಇಡೀ ಮುಂದಿನ ವರ್ಷದ್ದು ಒಟ್ಟಿಗೆ ಕಟ್ಟುವವರ ಸ್ಟೇಟ್‌ಮೆಂಟ್ ಊದಿಕೊಂಡು, ಮರುವರ್ಷ ಖಾಲಿ ಕಾಣುವುದು ಅದಕ್ಕೇ.

ಇನ್ನು 221ರ ವಿಷಯ. ಕೆಯನ್ನು ಜೆಯಿಂದ ಭಾಗಿಸಿ. 496 ಭಾಗ 2,016 ಮಾಡಿದರೆ ಶೇ 24.6 ಬರುತ್ತದೆ. ಅದು ಬೇಸ್ ಟಿಯರ್‌ನ ದರ. ಅಂದರೆ ನಿಮ್ಮ ಕುಟುಂಬದ ಆದಾಯ ಕೆಳಗಿನ ಹಂತದಲ್ಲಿದೆ ಅಂದುಕೊಂಡು ಕಂಪನಿ ಪೂರ್ತಿ ರಿಬೇಟ್ ಕೊಟ್ಟಿದೆ. ಅದು ಮದುವೆ ಮನೆಯಲ್ಲಿ ಅಡುಗೆಯವರಿಗೆ ಕೊಡುವ ಅಡ್ವಾನ್ಸ್ ಇದ್ದ ಹಾಗೆ. ಚುಕ್ತಾ ಲೆಕ್ಕ ಆಮೇಲೆ. ಆ ಚುಕ್ತಾ ಮಾಡುವವರು ಎಟಿಒ, ಮಾಡುವುದು ನಿಮ್ಮ ರಿಟರ್ನ್‌ನಲ್ಲಿ. 221 ಇಳಿದಿದೆ ಅಂದರೆ ಅವರು ನಿಮ್ಮನ್ನು ಒಂದು ಹಂತ ಮೇಲಕ್ಕೆ ಹಾಕಿದ್ದಾರೆ.

ಹಾಗಾದರೆ 1,87,000 ಎಲ್ಲಿ ಹೆಚ್ಚಾಯಿತು? ಇದಕ್ಕೆ ಉತ್ತರ ನಿಮ್ಮ ಹತ್ತಿರವೇ ಇದೆ. ಸರ್ಕಾರಿ ಆಸ್ಪತ್ರೆ ಅಂದಿರಿ. ಸ್ಯಾಲರಿ ಪ್ಯಾಕೇಜಿಂಗ್, ಅಂದರೆ ಸಂಬಳದ ಒಂದು ಪಾಲನ್ನು ಟ್ಯಾಕ್ಸ್ ಹಿಡಿಯುವ ಮೊದಲೇ ಮನೆ ಖರ್ಚಿಗೆ ತಿರುಗಿಸುವುದು, ಮಾಡಿಸಿದ್ದೀರಾ?

ನೈಟ್‌ಡ್ಯೂಟಿ_ವೆರಿಬೀ

ಮೇಷ್ಟ್ರೇ, 337.76 ಸೆಂಟ್ ಸಮೇತ ತಾಳೆ ಆಯ್ತು! ಯಜಮಾನರಿಗೂ ತೋರಿಸಿದೆ.

ಹೌದು, ಪ್ಯಾಕೇಜಿಂಗ್ ಇದೆ. ವರ್ಷಕ್ಕೆ 9,010 ಡಾಲರ್, ಪೂರ್ತಿ ಮನೆ ಸಾಲಕ್ಕೆ ಹೋಗುತ್ತದೆ. ವಾರ್ಡ್‌ನಲ್ಲಿ ಎಲ್ಲರೂ ಮಾಡುತ್ತಾರೆ. ಅದಕ್ಕೆ ಟ್ಯಾಕ್ಸ್ ಇಲ್ಲ ಅಂತ ಹೇಳಿದ್ದರು. ಮತ್ತೆ ಅದು ಇಲ್ಲಿಗೆ ಹೇಗೆ ಬಂತು?

ಇನ್ನೊಂದು ಕೇಳಬೇಕು. ಟ್ಯಾಕ್ಸ್ ಕ್ಲೈಮ್ ಕೋಡ್ ಅಂತ ಒಂದಿದೆ. ನನ್ನ ಪಾಲನ್ನೂ ಯಜಮಾನರ ರಿಟರ್ನ್‌ಗೆ ಹಾಕಿದರೆ ನನ್ನ 221 ಉಳಿಯುತ್ತದಾ?

ಲೆಕ್ಕದ_ಮೇಷ್ಟ್ರು

ಟ್ಯಾಕ್ಸ್ ಇಲ್ಲ ಅನ್ನುವುದು ನಿಜ. ಲೆಕ್ಕಕ್ಕೇ ಇಲ್ಲ ಅನ್ನುವುದು ನಿಜ ಅಲ್ಲ.

ನಿಮ್ಮ ಇನ್‌ಕಮ್ ಸ್ಟೇಟ್‌ಮೆಂಟ್ ತೆರೆಯಿರಿ. ಸಂಬಳದ ಕೆಳಗೆ "ರಿಪೋರ್ಟಬಲ್ ಫ್ರಿಂಜ್ ಬೆನಿಫಿಟ್ಸ್" ಅಂತ ಒಂದು ಅಂಕಿ ಇರುತ್ತದೆ. 9,010 ಇರುವುದಿಲ್ಲ, ಹತ್ತಿರ ಹತ್ತಿರ 17,000 ಇರುತ್ತದೆ. 9,010ನ್ನು 1.8868ರಿಂದ ಗುಣಿಸಿ ಅಲ್ಲಿ ಹಾಕುತ್ತಾರೆ. ಅಷ್ಟು ದುಡ್ಡು ಟ್ಯಾಕ್ಸ್ ಕಟ್ಟಿದ ಮೇಲೆ ಕೈಗೆ ಬರಬೇಕಾದರೆ ಎಷ್ಟು ದುಡಿಯಬೇಕಿತ್ತು ಅನ್ನುವ ಲೆಕ್ಕ ಅದು. ಹೋಟೆಲ್ ಊಟಕ್ಕೆ ಕೊಡುವ ಮೀಲ್ ಕಾರ್ಡ್ ಕೂಡ ಇದ್ದರೆ ಅದೂ ಇದೇ ಥರ ಗುಣಿಸಿಕೊಂಡು ಸೇರುತ್ತದೆ.

ರಿಬೇಟ್‌ನ ಹಂತ ನಿರ್ಧಾರ ಮಾಡುವುದು ಟ್ಯಾಕ್ಸಬಲ್ ಇನ್‌ಕಮ್ ಒಂದರಿಂದಲೇ ಅಲ್ಲ. ಅದಕ್ಕೆ ಫ್ರಿಂಜ್ ಬೆನಿಫಿಟ್ಸ್ ಸೇರಿಸಬೇಕು. ಸಂಬಳದಿಂದ ಕಡ್ಡಾಯಕ್ಕಿಂತ ಜಾಸ್ತಿ ಸೂಪರ್‌ಗೆ (ನಿವೃತ್ತಿ ನಿಧಿ) ಹಾಕಿದ್ದರೆ ಅದನ್ನೂ ಸೇರಿಸಬೇಕು. ಬಾಡಿಗೆ ಮನೆಯ ನಷ್ಟ ತೋರಿಸಿ ಆದಾಯ ಇಳಿಸಿಕೊಂಡಿದ್ದರೆ ಆ ನಷ್ಟವನ್ನು ವಾಪಸ್ ಕೂಡಿಸಬೇಕು. ಟಾರ್ನೀಟ್‌ನವರೇ, ನಿಮಗೊಂದು ಬಾಡಿಗೆ ಮನೆ ಇದೆ ಅಂತ ಹಿಂದೊಮ್ಮೆ ಬರೆದಿದ್ದಿರಿ. ಓಕೆ ಒತ್ತಿದ್ದನ್ನು ಒಮ್ಮೆ ನೋಡಿಕೊಳ್ಳಿ.

ಸಿಸ್ಟರ್, ಈಗ ನಿಮ್ಮ ಲೆಕ್ಕ. 79,000, ಮೇಲೆ 17,000, ಒಟ್ಟು 96,000. ಒಂಟಿಯವರಿಗೆ 2024–25ರ ಮಿತಿ 97,000. ಅದಕ್ಕೇ ಯಜಮಾನರ ಆದಾಯ ಹಾಕುವ ತನಕ ರಿಫಂಡ್ ಅಲ್ಲಾಡಲಿಲ್ಲ. ಅವರ 1,08,000 ಸೇರಿದರೆ 2,04,000. ಕುಟುಂಬದ ಮಿತಿ 1,94,000. ಮೊದಲ ಮಗು ಬಿಟ್ಟು ಆಮೇಲಿನ ಪ್ರತಿ ಮಗುವಿಗೆ 1,500 ಏರುತ್ತದೆ. ನಿಮಗೆ ಇಬ್ಬರು, ಹಾಗಾಗಿ 1,95,500. ಅದನ್ನು ದಾಟಿದ್ದೀರಿ, ಟಿಯರ್ 1ಕ್ಕೆ ಬಂದಿದ್ದೀರಿ.

ಟಿಯರ್ 1ರ ದರ ಮಾರ್ಚ್‌ವರೆಗೆ ಶೇ 16.405, ಏಪ್ರಿಲ್‌ನಿಂದ ಶೇ 16.192. 2,016ಕ್ಕೆ 330.72, 696ಕ್ಕೆ 112.70. ಕೂಡಿದರೆ 443. ನೀವು ಪಡೆದಿರುವುದು 496 ಮತ್ತು 169, ಅಂದರೆ 665. ವ್ಯತ್ಯಾಸ 221 ಚಿಲ್ಲರೆ. ನಿಮ್ಮ ಮೈಟ್ಯಾಕ್ಸ್ ಹೇಳಿದ್ದೂ ಅದೇ. ಅಸೆಸ್‌ಮೆಂಟ್ ನೋಟಿಸ್ ಬಂದಾಗ "ಎಕ್ಸೆಸ್ ಪ್ರೈವೇಟ್ ಹೆಲ್ತ್ ರಿಡಕ್ಷನ್ ಆರ್ ರಿಫಂಡ್" ಅನ್ನುವ ಸಾಲಿನಲ್ಲಿ ಕಾಣುತ್ತದೆ. ಇದು ದಂಡ ಅಲ್ಲ, ಜಾಸ್ತಿ ಬಂದಿದ್ದ ರಿಬೇಟ್ ವಾಪಸ್ ಹೋಗುವುದು ಅಷ್ಟೇ. ಯಜಮಾನರ ರಿಟರ್ನ್‌ನಲ್ಲೂ ಇಷ್ಟೇ ಹೋಗುತ್ತದೆ, ಈಗಲೇ ಹೇಳಿಬಿಡಿ.

ಕೋಡ್ ಬದಲಾಯಿಸಿದರೆ ಏನೂ ಉಳಿಯುವುದಿಲ್ಲ. ಅವರವರ ಪಾಲು ಅವರವರೇ ತೋರಿಸಿದರೆ ಇಬ್ಬರಿಗೂ ಸಿ. ಒಬ್ಬರೇ ಎರಡೂ ಪಾಲು ತೋರಿಸಿದರೆ ಅವರಿಗೆ ಡಿ, ಇನ್ನೊಬ್ಬರಿಗೆ ಇ. ಹೇಗೆ ಮಾಡಿದರೂ ಹಂತ ನಿರ್ಧಾರವಾಗುವುದು ಇಬ್ಬರ ಆದಾಯ ಸೇರಿಸಿ. ನಿಮ್ಮ 221 ಅವರ ತಲೆಗೆ ಹೋಗುತ್ತದೆ ಅಷ್ಟೇ. ಒಬ್ಬರು ರಿಟರ್ನ್ ಹಾಕುವ ಅಗತ್ಯವೇ ಇಲ್ಲದ ಮನೆಗೆ ಡಿ ಅನುಕೂಲ. ನಿಮಗೆ ಸಿ ಸಾಕು.

ಪ್ಯಾಕೇಜಿಂಗ್ ಬಿಡಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಬಿಡಬೇಡಿ. 9,010ಕ್ಕೆ ಶೇ 30 ಟ್ಯಾಕ್ಸ್, ಶೇ 2 ಮೆಡಿಕೇರ್ ಲೆವಿ (ಸರ್ಕಾರಿ ಆರೋಗ್ಯ ವಿಮೆಗೆ ಕಟ್ಟುವ ತೆರಿಗೆ) ಉಳಿದರೆ 2,883 ಡಾಲರ್. ಇಬ್ಬರ ರಿಬೇಟ್‌ನಲ್ಲಿ ಹೋಗುವುದು 443. ಪ್ಯಾಕೇಜಿಂಗ್ ಮಾಡಿಕೊಡುವವರ ಫೀಸು ಕಳೆದರೂ ಲಾಭವೇ.

ಟಾರ್ನೀಟ್_ತಿಂಡಿಪೋತ

ಅಯ್ಯೋ. ಹೌದು, ಬಾಡಿಗೆ ಮನೆ ನಷ್ಟದಲ್ಲೇ ಇದೆ. ಹೋಗಿ ನೋಡ್ತೀನಿ.

ಪರ್ತ್_ಸಮುದ್ರದಂಡೆ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಜೆಯಲ್ಲಿ ಕೆ ಕಳೆದರೆ ಬ್ಯಾಂಕಿನ ಅಂಕಿ ಬರುತ್ತದೆ ಅನ್ನುವುದು ಎಲ್ಲರಿಗೂ ನಿಜ ಅಲ್ಲ. ನನಗೆ ಬರುವುದಿಲ್ಲ. ನಾನು ಹಾಸ್ಪಿಟಲ್ ಕವರ್ ತೆಗೆದುಕೊಂಡಿದ್ದು 41ರಲ್ಲಿ. ಅದಕ್ಕೆ ಲೈಫ್‌ಟೈಮ್ ಹೆಲ್ತ್ ಕವರ್ ಲೋಡಿಂಗ್, ಅಂದರೆ ತಡವಾಗಿ ಸೇರಿದ್ದಕ್ಕೆ ಹೆಚ್ಚುವರಿ ಪ್ರೀಮಿಯಂ, ಬಿದ್ದಿದೆ. 30ರ ಮೇಲೆ ವರ್ಷಕ್ಕೆ ಶೇ 2ರಂತೆ ನನಗೆ ಶೇ 22. ಹತ್ತು ವರ್ಷ ಬಿಡದೆ ಕಟ್ಟಿದರೆ ಹೋಗುತ್ತದೆ. ಆ ಲೋಡಿಂಗ್ ದುಡ್ಡಿಗೆ 2013ರ ಜುಲೈನಿಂದ ರಿಬೇಟ್ ಇಲ್ಲ. ಹಾಗಾಗಿ ಅದು ಜೆಗೆ ಸೇರುವುದೇ ಇಲ್ಲ. ನಾನು ಕಟ್ಟಿದ್ದು ಜಾಸ್ತಿ, ಸ್ಟೇಟ್‌ಮೆಂಟ್‌ನಲ್ಲಿ ಕಾಣುವುದು ಕಡಿಮೆ. ನಿಮ್ಮ ಅಂಕಿ ತಾಳೆ ಆಗದಿದ್ದರೆ ಮೊದಲು ಇದನ್ನು ನೋಡಿ.

ಹೊಸದಾಗಿ ಬಂದವರು ಗಮನಿಸಿ. 31 ದಾಟಿ ಇಲ್ಲಿಗೆ ಬಂದಿದ್ದರೆ, ಪೂರ್ತಿ ಮೆಡಿಕೇರ್‌ಗೆ ಹೆಸರು ಸೇರಿಸಿದ ದಿನದಿಂದ ಒಂದು ವರ್ಷದೊಳಗೆ ಹಾಸ್ಪಿಟಲ್ ಕವರ್ ತೆಗೆದುಕೊಂಡರೆ ಈ ಲೋಡಿಂಗ್ ಇಲ್ಲ. ನಮಗೆ ಇದನ್ನು ಏರ್‌ಪೋರ್ಟ್‌ನಲ್ಲಿ ಯಾರೂ ಹೇಳುವುದಿಲ್ಲ.

ಹೊಸಬ_ಸಿಡ್ನಿ

ಸರ್, ನನ್ನದು ಬೇರೆ ಕಥೆ. ನಾನು ಒಬ್ಬನೇ, ಮದುವೆ ಆಗಿಲ್ಲ. 482 ಅನ್ನುವ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದೆ, ಮೆಡಿಕೇರ್ ಇರಲಿಲ್ಲ. ಕಳೆದ ವರ್ಷ ನವೆಂಬರ್ 11ಕ್ಕೆ ಪಿಆರ್ (ಕಾಯಂ ವಾಸದ ವೀಸಾ) ಬಂತು, ಅವತ್ತೇ ಮೆಡಿಕೇರ್ ಸಿಕ್ಕಿತು. ವೀಸಾಗೆ ಅಂತ ಇದ್ದ ಓವರ್‌ಸೀಸ್ ವಿಸಿಟರ್ ಕವರ್ ನಿಲ್ಲಿಸಿ, ಹಲ್ಲು ಕನ್ನಡಕಕ್ಕೆ ಆಗುತ್ತೆ ಅಂತ ಎಕ್ಸ್‌ಟ್ರಾಸ್ ಮಾತ್ರ ತೆಗೆದುಕೊಂಡೆ. ಆದಾಯ 1,20,000. ರಿಟರ್ನ್‌ನಲ್ಲಿ ಮೆಡಿಕೇರ್ ಲೆವಿ ಸರ್‌ಚಾರ್ಜ್ ಅಂತ 1,500 ಡಾಲರ್ ತೋರಿಸುತ್ತಿದೆ. ಇನ್ಶೂರೆನ್ಸ್ ಇದೆಯಲ್ಲ, ಯಾಕೆ?

ಲೆಕ್ಕದ_ಮೇಷ್ಟ್ರು

ಇನ್ಶೂರೆನ್ಸ್ ಇದೆ, ಆದರೆ ಸರ್‌ಚಾರ್ಜ್ ತಪ್ಪಿಸುವ ಇನ್ಶೂರೆನ್ಸ್ ಅಲ್ಲ. ಸರ್‌ಚಾರ್ಜ್ ಅಂದರೆ ಆದಾಯ ಮಿತಿ ದಾಟಿಯೂ ಹಾಸ್ಪಿಟಲ್ ಕವರ್ ಇಲ್ಲದವರಿಗೆ ಬೀಳುವ ಹೆಚ್ಚುವರಿ ತೆರಿಗೆ. ಎಕ್ಸ್‌ಟ್ರಾಸ್‌ಗೂ ರಿಬೇಟ್ ಇದೆ, ಅದಕ್ಕೇ ಸ್ಟೇಟ್‌ಮೆಂಟ್ ಬರುತ್ತದೆ, ಹುಡುಗರು ಅದನ್ನು ನೋಡಿ ಸಮಾಧಾನ ಪಡುತ್ತಾರೆ. ಸರ್‌ಚಾರ್ಜ್ ತಪ್ಪಬೇಕಾದರೆ ಹಾಸ್ಪಿಟಲ್ ಕವರ್ ಬೇಕು, ಅದರ ಎಕ್ಸೆಸ್ (ಕ್ಲೇಮ್ ಮಾಡುವಾಗ ನಾವೇ ಕೈಯಿಂದ ಕೊಡುವ ಪಾಲು) ಒಬ್ಬರಿಗೆ 750, ಕುಟುಂಬಕ್ಕೆ 1,500 ಡಾಲರ್ ಮೀರಬಾರದು. ಸ್ಟೇಟ್‌ಮೆಂಟ್‌ನಲ್ಲಿ ಎ ಅಂತ ಒಂದು ಜಾಗ ಇದೆ, ತಕ್ಕ ಹಾಸ್ಪಿಟಲ್ ಕವರ್ ಎಷ್ಟು ದಿನ ಇತ್ತು ಅಂತ. ಸಿಸ್ಟರ್‌ಗೆ ಅಲ್ಲಿ 365 ಇರುತ್ತದೆ. ನಿಮಗೆ ಏನೂ ಇರುವುದಿಲ್ಲ. ವಿಸಿಟರ್ ಕವರ್ ಈ ಲೆಕ್ಕಕ್ಕೆ ಬರುವುದೇ ಇಲ್ಲ, ಅದಕ್ಕೆ ರಿಬೇಟೂ ಇಲ್ಲ.

ಆದರೆ 1,500 ಪೂರ್ತಿ ಕಟ್ಟಬೇಡಿ. 1,20,000ಕ್ಕೆ ಟಿಯರ್ 2, ಶೇ 1.25. ಅದು ಇಡೀ ವರ್ಷದ ಲೆಕ್ಕ. ನವೆಂಬರ್ 10ರವರೆಗೆ ನಿಮಗೆ ಮೆಡಿಕೇರ್ ಹಕ್ಕೇ ಇರಲಿಲ್ಲ. ಭಾರತದ ಜೊತೆ ಆಸ್ಟ್ರೇಲಿಯಾಕ್ಕೆ ಆರೋಗ್ಯದ ಪರಸ್ಪರ ಒಪ್ಪಂದ ಇಲ್ಲವಲ್ಲ, ಇಲ್ಲಿ ಅದೇ ನಿಮಗೆ ಅನುಕೂಲ. ಸರ್ವಿಸಸ್ ಆಸ್ಟ್ರೇಲಿಯಾದಿಂದ ಮೆಡಿಕೇರ್ ಎಂಟೈಟಲ್‌ಮೆಂಟ್ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ. ಜುಲೈ 1ರಿಂದ ನವೆಂಬರ್ 10, ಒಟ್ಟು 133 ದಿನ. ಅಷ್ಟು ದಿನಕ್ಕೆ ಶೇ 2 ಮೆಡಿಕೇರ್ ಲೆವಿಯೂ ಇಲ್ಲ, ಸರ್‌ಚಾರ್ಜೂ ಇಲ್ಲ. ಎರಡೂ ಕಡೆ ಬೇರೆ ಬೇರೆಯಾಗಿ ದಿನ ತುಂಬಬೇಕು, ಒಂದು ಕಡೆ ತುಂಬಿದರೆ ಇನ್ನೊಂದು ಕಡೆ ತಾನಾಗಿ ಬರುವುದಿಲ್ಲ. ಸರ್‌ಚಾರ್ಜ್ 232 ದಿನಕ್ಕೆ ಮಾತ್ರ ಬಿದ್ದು 953ರ ಹತ್ತಿರ ಬರುತ್ತದೆ. ಲೆವಿಯಲ್ಲಿ ಇನ್ನೂ 874 ಉಳಿಯುತ್ತದೆ. ಆ ಕಾಗದ ಕೈಗೆ ಬಂದ ಮೇಲೇ ರಿಟರ್ನ್ ಹಾಕಿ. ನೀವೇ ಹಾಕುವುದಾದರೆ ಅಕ್ಟೋಬರ್ 31ರವರೆಗೆ ಸಮಯ ಇದೆ.

ಹೊಸಬ_ಸಿಡ್ನಿ

874! ನಾಳೆಯೇ ಅರ್ಜಿ ಹಾಕುತ್ತೇನೆ. ಹಾಸ್ಪಿಟಲ್ ಕವರ್ ಕೂಡ ನೋಡುತ್ತೇನೆ, ಒಂದು ವರ್ಷ ನವೆಂಬರ್‌ಗೆ ಮುಗಿಯುತ್ತದೆ. ಪರ್ತ್ ಅಕ್ಕನಿಗೆ ಥ್ಯಾಂಕ್ಸ್.

ನೈಟ್‌ಡ್ಯೂಟಿ_ವೆರಿಬೀ

ಮೇಷ್ಟ್ರೇ, ಇನ್‌ಕಮ್ ಸ್ಟೇಟ್‌ಮೆಂಟ್‌ನಲ್ಲಿ 17,000 ಇದೆ, ನೀವು ಹೇಳಿದ ಹಾಗೇ. ಕೊನೇದಾಗಿ ಎರಡು ಮಾತು. ಡಿಸೆಂಬರ್‌ನಲ್ಲಿ ಅತ್ತೆ ಮಾವ ಬಂದಿದ್ದರು. ಅವರಿಗೆ ಇಲ್ಲಿ ವಿಸಿಟರ್ ಕವರ್ ಮಾಡಿಸಿದ್ದೆವು. ಊರಲ್ಲಿ ಅವರ ಮೆಡಿಕ್ಲೇಮ್ ಪ್ರೀಮಿಯಂ ಕೂಡ ನಾವೇ ಕಟ್ಟುತ್ತೇವೆ. ಇದರಲ್ಲಿ ಯಾವುದಾದರೂ ಇಲ್ಲಿ ತೋರಿಸಬಹುದಾ? ಮತ್ತೆ ಮುಂದಿನ ವರ್ಷ ಈ 221 ತಪ್ಪಿಸುವುದು ಹೇಗೆ?

ಲೆಕ್ಕದ_ಮೇಷ್ಟ್ರು

ಎರಡೂ ಇಲ್ಲ. ವಿಸಿಟರ್ ಕವರ್ ವಿಷಯ ಮೇಲೆ ಹುಡುಗನಿಗೆ ಹೇಳಿದೆ. ಊರಿನ ಮೆಡಿಕ್ಲೇಮ್ ಆಸ್ಟ್ರೇಲಿಯಾದ ರಿಟರ್ನ್‌ಗೆ ಸಂಬಂಧವಿಲ್ಲ. ಯಜಮಾನರಿಗೆ ಭಾರತದಲ್ಲಿ ಬಾಡಿಗೆ ಗೀಡಿಗೆ ಆದಾಯ ಇದ್ದು, ಅಲ್ಲಿ ಹಳೆಯ ಪದ್ಧತಿಯಲ್ಲಿ ರಿಟರ್ನ್ ಹಾಕುವುದಾದರೆ ಅಪ್ಪ ಅಮ್ಮನ ಪ್ರೀಮಿಯಂಗೆ 80ಡಿ ಕೇಳಬಹುದು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಆದಾಯ ಮಿತಿ ದಾಟಿದರೆ 221 ತಪ್ಪುವುದಿಲ್ಲ, ಆದರೆ ಹೀಗೆ ಒಟ್ಟಿಗೆ ಬೀಳದ ಹಾಗೆ ಮಾಡಬಹುದು. ಇನ್ಶೂರೆನ್ಸ್ ಕಂಪನಿಯ ಆ್ಯಪ್‌ನಲ್ಲಿ ರಿಬೇಟ್ ಟಿಯರ್ ಬದಲಾಯಿಸುವ ಜಾಗ ಇರುತ್ತದೆ, ಟಿಯರ್ 1 ಅಂತ ಹಾಕಿ. ತಿಂಗಳ ಕಂತು ಸ್ವಲ್ಪ ಏರುತ್ತದೆ, ವರ್ಷದ ಕೊನೆಗೆ ಬಾಕಿ ಇರುವುದಿಲ್ಲ. ಒಂದು ವೇಳೆ ಆದಾಯ ಇಳಿದು ಬೇಸ್‌ಗೆ ಬಂದರೆ ಎಟಿಒ ಉಳಿದ ರಿಬೇಟ್ ವಾಪಸ್ ಕೊಡುತ್ತದೆ, ನಷ್ಟ ಏನಿಲ್ಲ. ನನ್ನ ಕೇಳಿದರೆ ನಾನು ಬದಲಾಯಿಸುವುದಿಲ್ಲ. ಆ ದುಡ್ಡು ವರ್ಷಪೂರ್ತಿ ಮನೆ ಸಾಲದ ಬಡ್ಡಿ ಇಳಿಸುವ ನಿಮ್ಮ ಆಫ್‌ಸೆಟ್ ಅಕೌಂಟ್‌ನಲ್ಲೇ ಇರಲಿ, ಕೇಳಿದಾಗ ಕೊಟ್ಟರಾಯಿತು. ಬಡ್ಡಿ ಕೇಳುವುದಿಲ್ಲವಲ್ಲ.

ರಿಬೇಟ್ ಅನ್ನುವುದೇ ಸವೆಯುತ್ತಾ ಇದೆ, ಅದು ನಿಮಗೆ ಗೊತ್ತಿರಲಿ. 1999ರಲ್ಲಿ ಶುರುವಾದಾಗ ಎಲ್ಲರಿಗೂ ಶೇ 30, ಆದಾಯ ಎಷ್ಟಿದ್ದರೂ. 2012ರ ಜುಲೈನಿಂದ ಆದಾಯ ನೋಡಿ ಕೊಡುವುದು ಶುರುವಾಯಿತು. 2014ರಿಂದ ಪ್ರತಿ ಏಪ್ರಿಲ್‌ಗೆ ಲೆಕ್ಕ ಹಾಕಿ, ಬೇಕಾದರೆ ದರ ಬದಲಾಯಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಬೇಸ್ ದರ ಶೇ 24.288ಕ್ಕೆ ಬಂತು.

2025–26ಕ್ಕೆ ಮಿತಿ ಏರಿಸಿದ್ದಾರೆ, ಕುಟುಂಬಕ್ಕೆ 2,02,000. ನಿಮ್ಮ ಎರಡನೇ ಮಗುವಿನ 1,500 ಸೇರಿಸಿ 2,03,500. ಈ ವರ್ಷದ ನಿಮ್ಮ ಅಂಕಿ 2,04,000. ಬರೀ 500 ಡಾಲರ್ ಜಾಸ್ತಿ. ಇಬ್ಬರಿಗೂ ಇನ್‌ಕ್ರಿಮೆಂಟ್ ಬರದಿದ್ದರೆ, ನಿಮ್ಮ ನರ್ಸಿಂಗ್ ರಿಜಿಸ್ಟ್ರೇಶನ್ ಫೀಸು, ಯೂನಿಯನ್ ಫೀಸು, ಯೂನಿಫಾರ್ಮ್ ಒಗೆದ ಖರ್ಚು ಸರಿಯಾಗಿ ಬರೆದಿಟ್ಟುಕೊಂಡರೆ ಮಿತಿಯ ಒಳಗೆ ಬಂದರೂ ಬರಬಹುದು. ಈ ವರ್ಷದ ರಿಟರ್ನ್‌ನಲ್ಲಿ ಅವೆಲ್ಲ ಹಾಕಿದ್ದೀರಾ?

ನೈಟ್‌ಡ್ಯೂಟಿ_ವೆರಿಬೀ

ಯೂನಿಯನ್ ಫೀಸು ಹಾಕಿದ್ದೇನೆ. ಒಗೆದ ಖರ್ಚಿಗೂ ಕೊಡ್ತಾರಾ?

ಲೆಕ್ಕದ_ಮೇಷ್ಟ್ರು

ಕೊಡ್ತಾರೆ. ಆಸ್ಪತ್ರೆಯ ಹೆಸರೋ ಗುರುತೋ ಇರುವ ಯೂನಿಫಾರ್ಮ್ ಆಗಿರಬೇಕು. ಅದನ್ನಷ್ಟೇ ಬೇರೆಯಾಗಿ ಒಗೆದರೆ ಲೋಡಿಗೆ 1 ಡಾಲರ್, ಮನೆಯವರ ಬಟ್ಟೆ ಜೊತೆ ಹಾಕಿದರೆ 50 ಸೆಂಟ್. ಲಾಂಡ್ರಿ 150 ಡಾಲರ್ ದಾಟದಿದ್ದರೆ ರಸೀದಿ ಕೇಳುವುದಿಲ್ಲ, ಆದರೆ ಎಷ್ಟು ಸಲ ಒಗೆದಿರಿ ಅಂತ ಲೆಕ್ಕ ಹೇಳಲು ಬರಬೇಕು. ಇದಕ್ಕೆ ಬೇರೆ ಪ್ರಶ್ನೆ ಹಾಕಿ, ಇದು ತುಂಬ ಉದ್ದ ಆಯಿತು.